ಕಾಲೇಜು ನೋಡಲು ನನ್ನನ್ನು ಕಳಿಸಿದ ಡಾಕ್ಟರು

ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ನಮ್ಮ ಡಾಕ್ಟರ ಎರಡೂ ಕಣ್ಣಿನ ಸುತ್ತ ಒಂದೊಂದು ಗುಂಡು ಗುರುತು ಮೂಡಿರುತ್ತಿತ್ತು. ಬೆಳಿಗ್ಗೆಯಿಂದ ಮೈಕ್ರೋಸ್ಕೋಪಿಗೆ ಮುಖ ಒತ್ತಿಕೊಂಡು ಕೂತಿದ್ದರ ಮುದ್ರೆ. ಕನ್ನಡಕ ಹಣೆಯ ಮೇಲೇ ಇರುತ್ತಿತ್ತು. ಅದನ್ನು ಮರೆತು ಮೇಜಿನ ಮೇಲೆಲ್ಲ ತಡಕಾಡುತ್ತಿದ್ದರು. ಬಲಗೈ ಹೆಬ್ಬೆರಳಿನ ಉಗುರು ಸದಾ ಗುಲಾಬಿ. ಸ್ಲೈಡಿಗೆ ಹಾಕುವ ಬಣ್ಣ ಅದು, ಯಾವ ಸೋಪಿಗೂ ಬಗ್ಗುವುದಿಲ್ಲ. ಮೊದಲ ಸಲ ನೋಡಿದಾಗ ನಾನು, ಯಾವುದೋ ಮದುವೆ ಮನೆಯಲ್ಲಿ ಮಕ್ಕಳು ಇವರ ಉಗುರಿಗೆ ಬಣ್ಣ ಬಳಿದುಬಿಟ್ಟಿದ್ದಾರೆ ಅಂದುಕೊಂಡಿದ್ದೆ.

ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಹೇಳಿಕೊಳ್ಳಲು ನಾಚಿಕೆಯಿಲ್ಲ. ಭಾರತೀನಗರದ ಕಡೆ ಎರಡು ವರ್ಷ ಕಬ್ಬು ಕಡಿದೆ, ಆಮೇಲೆ ಮಂಡ್ಯದಲ್ಲಿ ಈ ಡಾಕ್ಟರ ಲ್ಯಾಬಿಗೆ ಕಸ ಗುಡಿಸುವ ಕೆಲಸಕ್ಕೆ ಸೇರಿದೆ. ಎರಡೇ ಕೋಣೆಯ ಲ್ಯಾಬು. ಆಪರೇಷನ್ ಮಾಡಿ ತೆಗೆದ ಗಂಟು, ಗೆಡ್ಡೆ ಎಲ್ಲ ಸುತ್ತಮುತ್ತಲ ಆಸ್ಪತ್ರೆಗಳಿಂದ ಡಬ್ಬಿಗಳಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು. ಅದು ಕ್ಯಾನ್ಸರೋ ಅಲ್ಲವೋ ಎಂದು ನೋಡಿ ಹೇಳುವುದು ಡಾಕ್ಟರ ಕೆಲಸ. ಒಂದು ದಿನ ಆ ಗಂಟುಗಳನ್ನು ಕೊಯ್ಯುವ ಕೆಲಸಗಾರ ಬರಲಿಲ್ಲ. "ಕಬ್ಬು ಕಡ್ದೋನಲ್ವೇನಯ್ಯ, ಇದನ್ನೂ ಕಡಿ ಬಾ" ಎಂದು ನನ್ನನ್ನು ಯಂತ್ರದ ಮುಂದೆ ಕೂರಿಸಿದರು.

ಆ ಯಂತ್ರದ ಹೆಸರು ಮೈಕ್ರೋಟೋಮ್. ಮೇಣದ ಅಚ್ಚಿನೊಳಗೆ ಮಾಂಸದ ಚೂರು ಕೂತಿರುತ್ತದೆ. ಹಿಡಿ ತಿರುಗಿಸಿದರೆ ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಕೊಯ್ದು ಬರುತ್ತದೆ. ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಉದ್ದ ಪಟ್ಟಿಯಾಗಿ ಇಳಿಯುತ್ತದೆ. ಅದನ್ನು ಕುಂಚದ ತುದಿಯಲ್ಲಿ ಎತ್ತಿ ಉಗುರುಬೆಚ್ಚಗಿನ ನೀರಿನ ಮೇಲೆ ಬಿಟ್ಟರೆ ಸುಕ್ಕು ಬಿಚ್ಚಿ ಹರಡಿಕೊಳ್ಳುತ್ತದೆ. ಕಿಟಕಿಯ ಬೆಳಕು ಬಿದ್ದಾಗ ಆ ನೀರು, ಆ ತೇಲುವ ಪದರ, ಎರಡೂ ಒಂದೇ ಆಗಿ ಕಾಣುತ್ತಿದ್ದವು. ಉಸಿರು ಬಿಟ್ಟರೆ ಹರಿದೀತು. ಮೂವತ್ತು ವರ್ಷ ನಾನು ಉಸಿರು ಹಿಡಿದು ಬದುಕಿದ್ದೇನೆ. ಮಂಡ್ಯ ಜಿಲ್ಲೆಯಲ್ಲಿ ನನ್ನಷ್ಟು ತೆಳ್ಳಗೆ ಕೊಯ್ಯುವವನು ಇನ್ನೊಬ್ಬನಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಇದನ್ನು ಬರೆದರೆ ಜಂಬ ಅನ್ನುವವರು ಅನ್ನಲಿ.

ಡಾಕ್ಟರು ಹುಟ್ಟಿದ್ದು ಬ್ಲಫ್ ಅನ್ನುವ ಊರಿನಲ್ಲಿ. ಅವರ ತಂದೆ ಅಲ್ಲಿ ವಿದ್ಯುತ್ ಕೇಂದ್ರದ ನೌಕರ. ಮಗುವಾಗಿದ್ದಾಗಿನಿಂದ ಯಂತ್ರದ ಗುಂಯ್ ಸದ್ದಿನಲ್ಲೇ ಮಲಗಿ ಎದ್ದವರು. ಹಾಗಾಗಿ ಮೈ ನಡುಗುವ ಚಳಿಯಲ್ಲೂ ಲ್ಯಾಬಿನ ಹಳೇ ಫ್ಯಾನು ತಿರುಗುತ್ತಲೇ ಇರಬೇಕು. "ಗಾಳಿಗಲ್ಲ ಕಣಯ್ಯ, ಸದ್ದಿಗೆ" ಅನ್ನುತ್ತಿದ್ದರು. ಆ ಸದ್ದಿನೊಳಗೆ ಕಣ್ಣು ಮುಚ್ಚಿ ಕೂತರೆ ನಿದ್ದೆ ಅಂದುಕೊಳ್ಳಬೇಕು, ಆದರೆ ಅವರು ಆಗ ತಾನೇ ನೋಡಿದ ಸ್ಲೈಡನ್ನು ಮತ್ತೆ ಒಳಗೇ ನೋಡುತ್ತಿರುತ್ತಿದ್ದರು. ದೊಡ್ಡ ಲೆನ್ಸಿಗೆ ನುಗ್ಗುವವರನ್ನು ಕಂಡರೆ ಆಗುತ್ತಿರಲಿಲ್ಲ. "ಮೊದ್ಲು ಚಿಕ್ಕದ್ರಲ್ಲಿ ನೋಡ್ಬೇಕು. ಊರು ನೋಡ್ದೆ ಮನೆ ಹುಡುಕಕ್ಕೆ ಹೋದ್ರೆ ಯಾರ್ದೋ ಹಟ್ಟಿಗೆ ನುಗ್ತೀಯ."

ನಾನು ಸೇರಿ ಮೂರನೇ ವರ್ಷ ಇರಬೇಕು. ಮಳವಳ್ಳಿ ಕಡೆಯ ಹೆಂಗಸೊಬ್ಬಳ ಎದೆಯ ಗಂಟು ಬಂದಿತ್ತು. ಮಧ್ಯಾಹ್ನದೊಳಗೆ ಎಲ್ಲ ಕೊಯ್ದು ಮುಗಿಸುವ ಹುರುಪು ನನಗೆ. ಒಬ್ಬರದು ಮುಗಿದ ಮೇಲೆ ನೀರಿನ ಮೇಲೆ ಕಾಗದ ಎಳೆದು, ಉಳಿದ ಚೂರು ಪಾರು ತೆಗೆದು, ಆಮೇಲೆ ಇನ್ನೊಬ್ಬರದು ಬಿಡಬೇಕು. ಕಾಗದ ಎಳೆಯಲಿಲ್ಲವೆಂದರೆ ಅವರ ಚೂರು ಇವರ ಸ್ಲೈಡಿಗೆ ಅಂಟುತ್ತದೆ. ಡಾಕ್ಟರು ಕರೆದರು.

"ಬಾ, ನೋಡು. ಏನ್ ಕಾಣ್ತದೆ?"

ನೋಡಿದೆ. ನೇರಳೆ, ಗುಲಾಬಿ, ಬದು ಹಾಕಿದ ಗದ್ದೆಗಳ ಹಾಗೆ ಅಚ್ಚುಕಟ್ಟು. ಒಂದು ಮೂಲೆಯಲ್ಲಿ ಮಾತ್ರ ಕದಡಿದ ಮಣ್ಣಿನ ಹಾಗೆ ಒಂದು ತುಣುಕು.

"ಈ ಗದ್ದೆಗೂ ಆ ಮಣ್ಗೂ ಸಂಬಂಧ ಇಲ್ಲ ಕಣಯ್ಯ. ಅದು ಬ್ಯಾರೆಯವರ ಕ್ಯಾನ್ಸರು. ನೀರಿನ್ ಮೇಲೆ ಕಾಗದ ಎಳ್ದಿದ್ಯಾ?"

ಎಳೆದಿದ್ದೆ ಅನ್ನಬಹುದಿತ್ತು. ನೀರಿಗೆ ಸಾಕ್ಷಿ ಯಾರು? "ಇಲ್ಲ ಸಾ" ಅಂದೆ.

ಬಯ್ಯಲಿಲ್ಲ. ನನ್ನ ಪಕ್ಕದಲ್ಲೇ ನಿಂತು ಮತ್ತೆ ಮೂರು ಸಲ ಕೊಯ್ಯಿಸಿದರು. ನಡುವೆ ಹೊರಗೆ ಹೋಗಿ, ಬೆಂಚಿನ ಮೇಲೆ ರಿಪೋರ್ಟಿಗೆ ಕಾಯುತ್ತಿದ್ದ ಆ ಹೆಂಗಸಿನ ಪಕ್ಕ ಕೂತು, "ನಮ್ ಕೈಲಿ ಒಂದ್ ತಪ್ಪಾಯ್ತು ಕಣಮ್ಮ. ಇನ್ನೊಂದ್ ಗಂಟೆ ಕೂತ್ಕೋಬೇಕು" ಅಂದರು. "ಅಯ್ಯೋ ಬುಡಿ ಸ್ವಾಮಿ, ಈ ಬಸ್ಸು ಓದ್ರೆ ಇನ್ನೊಂದ್ ಬಸ್ಸು ಬತ್ತದೆ" ಅಂದಳು ಆಕೆ. ಬೇರೆಯವರ ಕ್ಯಾನ್ಸರು ತನ್ನ ಹೆಸರಿಗೆ ಬರುವುದು ತಪ್ಪಿತೆಂದು ಆಕೆಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಅವರು ನನ್ನ ಕಡೆ ಕೈ ತೋರಿಸದೆ "ನಮ್ ಕೈಲಿ" ಅಂದದ್ದೂ ಕೇಳಿಸಿತು. ಒಳಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಇವತ್ತು ಬಾಯ್ಬಿಟ್ಟು ಹೇಳ್ದಲ್ಲ, ಇನ್ ನಿನ್ ಕೈ ಕಲೀತದೆ."

ಕೊತ್ತತ್ತಿಯಲ್ಲಿ ನಮ್ಮ ಮನೆ. ಮಗಳು ಐದನೇ ತರಗತಿಯಲ್ಲಿದ್ದಾಗ ರಜದಲ್ಲಿ ಒಂದು ದಿನ ಲ್ಯಾಬಿಗೆ ಬಂದಿದ್ದಳು. ಡಾಕ್ಟರು ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮೈಕ್ರೋಸ್ಕೋಪಿನಲ್ಲಿ ಇಣುಕಿಸಿದರು. "ನಮ್ಮೂರ್ ಗದ್ದೆ ಇದ್ದಂಗದೆ ತಾತ" ಅಂದಳು. "ಸರಿ, ಬದು ಎಲ್ಲಿ ಒಡ್ದದೆ ತೋರ್ಸು" ಅಂದರು. ಅವಳು ಬಹಳ ಹೊತ್ತು ಹುಡುಕಿ ತೋರಿಸಿದಳು. ಕ್ಯಾನ್ಸರು ತನ್ನ ಗೆರೆ ದಾಟಿದ ಜಾಗ ಅದೇ ಆಗಿತ್ತು. ಡಾಕ್ಟರು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ.

ಅವಳು ಎಂಬಿಬಿಎಸ್ ಮುಗಿಸಿದಳು. ಸರ್ಕಾರಿ ಸೀಟು, ಅವಳದೇ ಶ್ರಮ. ಮುಂದಿನ ಓದಿಗೆ ನಮ್ಮ ಡಾಕ್ಟರ ಕೆಲಸವೇ, ಪೆಥಾಲಜಿಯೇ ಬೇಕು ಅಂದಾಗ ಮನೆಯಲ್ಲಿ ಗದ್ದಲವೆದ್ದಿತು. ನನ್ನ ಬಾಮೈದ ಬಂದವನೇ, "ಅಲ್ಲ ಬಾವ, ಇಸ್ಟು ಓದ್ಸಿ ಮಗೀನ ಉಚ್ಚೆ ಬಾಟ್ಲಿ ನೋಡಕ್ ಕಳಿಸ್ತೀಯಾ? ಊರೋರು ಕೇಳುದ್ರೆ ನಾ ಏನ್ ಯೋಳ್ಲಿ? ಕೈ ನೋಡಿ ಸೂಜಿ ಚುಚ್ಚೋ ಡಾಕ್ಟ್ರಾಗ್ಲಿ" ಅಂದ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಅವಳು ಆಪರೇಷನ್ ಮಾಡುವ ಡಾಕ್ಟರಾಗಲಿ ಎಂದಿತ್ತು. ಹಿಂದಿನ ಕೋಣೆಯಲ್ಲಿ ಕೂತು ಮುಗಿದ ನನ್ನ ಬಾಳು ಅವಳದೂ ಆಗಬಾರದು ಅನ್ನಿಸಿತ್ತು. ಅವಳು ಮಾವನನ್ನು ಬಿಟ್ಟು ನನ್ನ ಕಡೆ ತಿರುಗಿ, "ಅಪ್ಪ, ನೀನು ಕೊಯ್ದಿದ್ದನ್ನ ಯಾರಾದ್ರೂ ಓದ್ಬೇಕಲ್ವಾ?" ಅಂದಳು. ನಾನು ಎದ್ದು ಹೊರಗೆ ಹೋದೆ. ಕಣ್ಣಿಗೆ ಏನೋ ಬಿದ್ದಿತ್ತು.

ಅವಳ ರ‍್ಯಾಂಕಿಗೆ ಎರಡು ಕಾಲೇಜುಗಳು ಸಿಗುವಂತಿದ್ದವು. ಕಂಪ್ಯೂಟರಿನಲ್ಲಿ ಯಾವುದನ್ನು ಮೊದಲು ಹಾಕುತ್ತೇವೋ ಅದು ಸಿಕ್ಕರೆ ಮುಗಿಯಿತು, ಮೂರು ವರ್ಷ ಅಲ್ಲೇ. ಒಂದು ಹಳೆಯ, ದೊಡ್ಡ ಹೆಸರಿನ ಕಾಲೇಜು. ಇನ್ನೊಂದು ಹೊಸದು, ಹೆಸರು ಹೇಳಿದರೆ "ಅದೆಲ್ಲದೆ?" ಎಂದು ಕೇಳುವಂಥದ್ದು. ಹಳೆಯದು ನಮ್ಮ ಡಾಕ್ಟರು ಓದಿದ ಕಾಲೇಜು. ಅದನ್ನು ಅವರು ಎಂದೂ ಕಾಲೇಜು ಅಂದವರಲ್ಲ, "ನಮ್ಮನೆ" ಅನ್ನುತ್ತಿದ್ದರು. ಹಾಗಾಗಿ ಕೇಳುವುದೇನಿದೆ, ಅವರು ಹಳೆಯದನ್ನೇ ಹೇಳುತ್ತಾರೆ, ಹಾಕಿದರಾಯಿತು ಎಂದು ಮಗಳನ್ನು ಕರೆದುಕೊಂಡು ಹೋದೆ.

ಅವರು ಹೇಳಲಿಲ್ಲ. "ಎಲ್ಡೂ ಕಡೆ ಓಗಿ ನೋಡ್ಕಂಡ್ ಬಾ" ಅಂದರು, ಅವಳಿಗಲ್ಲ, ನನಗೆ.

"ನಾನಾ? ನೀವೇ ಒಂದ್ ಮಾತು ಫೋನ್ ಮಾಡಿ ಕೇಳುದ್ರೆ..."

"ನಾನು ಹೋದ್ರೆ ಕಾಫಿ ಕೊಟ್ಟು, ಶಾಲು ಹೊದ್ಸಿ ಕಳಿಸ್ತಾರೆ. ನಿನ್ನ ಯಾರೂ ತಿರುಗ್ ನೋಡಲ್ಲ."

ನನಗೆ ಚುರುಕ್ ಅಂದಿತು. ಮುಖ ಬಿಗಿದಿರಬೇಕು. ಅವರು ನಕ್ಕರು. "ಅದುಕ್ಕೇ ಕಣಯ್ಯ, ನಿಂಗೆ ಎಲ್ಲಾ ಕಾಣ್ಸೋದು. ಮಗಳು ಓದೋರ್ ಜೊತೆ ಮಾತಾಡ್ಲಿ. ನೀನು ಸೀದಾ ಹಿಂದ್ಗಡೆ ಕೋಣೆಗೆ ಓಗು. ಕೊಯ್ಯೋರ್ನ ಕೇಳು, ತಪ್ಪಾದ್ರೆ ಏನ್ ಮಾಡ್ತೀರಿ ಅಂತ."

ಎರಡು ದಿನ ಬಸ್ಸಿನಲ್ಲಿ ತಿರುಗಿದೆವು. ಕಿಟಕಿಯಾಚೆ ಕಬ್ಬಿನ ಸೂಲಂಗಿ ಹೂವು ಬೆಳ್ಳಗೆ ಅಲೆಯಾಡುತ್ತಿತ್ತು, ನಾಲೆಯ ನೀರು ಬಸ್ಸಿನ ಜೊತೆಗೇ ಬಂದು ಎಲ್ಲೋ ತಿರುಗಿಕೊಂಡಿತು. ಮಗಳು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು.

ಹಳೆಯ ಕಾಲೇಜಿನಲ್ಲಿ ನೆಲ ಮುಖ ಕಾಣುವ ಹಾಗಿತ್ತು. ನಾನು ಕನಸಿನಲ್ಲೂ ಕಾಣದ ಯಂತ್ರಗಳು. ಒಬ್ಬ ಕೆಲಸಗಾರ ಗೌರವದಿಂದಲೇ ಮಾತಾಡಿಸಿದ. ಓದುವ ಡಾಕ್ಟರುಗಳು ಇಲ್ಲಿಗೆ ಬಂದು ಕಲಿಯುತ್ತಾರಾ ಎಂದು ಕೇಳಿದೆ.

"ಇಲ್ಯಾಕ್ ಬರ್ತಾರೆ? ನಾವ್ ಕೊಯ್ದು ಮೇಲಕ್ ಕಳಿಸ್ತೀವಿ. ದೊಡ್ಡೋರು ನೋಡಿ ಹೇಳ್ತಾರೆ. ಓದೋರು ಅದನ್ನ ಟೈಪ್ ಮಾಡ್ತಾರೆ."

"ತಪ್ಪಾದ್ರೆ?"

ಅವನು ಬಾಗಿಲ ಕಡೆ ನೋಡಿ, "ನಮ್ಮಲ್ಲಿ ತಪ್ಪಾಗಲ್ಲ" ಅಂದ.

ಹೊಸ ಕಾಲೇಜಿನಲ್ಲಿ ಗೋಡೆಗೆ ಸುಣ್ಣವೇ ಆಗಿರಲಿಲ್ಲ. ಯಂತ್ರ ನಮ್ಮದಕ್ಕಿಂತ ಹಳೆಯದು. ಅದರ ಮುಂದೆ ಒಬ್ಬಳು ಓದುವ ಡಾಕ್ಟರಮ್ಮ ತೋಳು ಮಡಚಿ ಕೂತು ಬೆವರುತ್ತಿದ್ದಳು. ವಯಸ್ಸಾದ ಕೆಲಸದಾಕೆಯೊಬ್ಬಳು ಹಿಂದೆ ನಿಂತು, "ಮೆಲ್ಲುಗ್ ತಿರುಗ್ಸವ್ವ, ರಾಗಿಕಲ್ ಅಲ್ಲ ಅದು" ಎಂದು ಗದರುತ್ತಿದ್ದಳು. ತಪ್ಪಾದರೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಯಾವ್ ತಪ್ಪು ಬೇಕು ಕಣಪ್ಪ ನಿಂಗೆ? ಈ ವಾರದ್ದಾ, ಓದ್ ವಾರದ್ದಾ?" ಅಂದಳು. ಶನಿವಾರ ಶನಿವಾರ ಎಲ್ಲರೂ ಒಟ್ಟಿಗೆ ಕೂರುತ್ತಾರಂತೆ. ವಿಭಾಗದ ಮುಖ್ಯಸ್ಥೆ ಮೊದಲು ತನ್ನದೇ ತಪ್ಪಿನ ಸ್ಲೈಡು ತೋರಿಸುತ್ತಾಳಂತೆ, ಆಮೇಲೆ ಮಿಕ್ಕವರು. "ನನ್ ತಪ್ಪೂ ತೋರುಸ್ತರೆ. ಮೊದ್ಮೊದ್ಲು ಅಳು ಬತ್ತಿತ್ತು. ಈಗ ಎಲ್ರುದೂ ನೋಡಿ ನಗು ಬತ್ತದೆ."

ವಾಪಸ್ ಬಂದಾಗ ಮಗಳು, "ನಂಗೆ ಹೊಸದೇ ಹಿಡಿಸ್ತು ಅಪ್ಪ. ಆದ್ರೆ ತಾತನ ಕಾಲೇಜನ್ನ ಬೇಡ ಅನ್ನೋದು ಹೆಂಗೆ?" ಅಂದಳು. ಹೆಂಡತಿ, "ಎಲ್ಡೂ ಚೆಂದಾಗವೆ ಅಂದ್ಬುಡಿ. ವಯಸ್ಸಾದೋರ್ ಮನಸ್ಯಾಕ್ ನೋಯುಸ್ತೀರಿ?" ಅಂದಳು. ಕಂಪ್ಯೂಟರಿನಲ್ಲಿ ಕಾಲೇಜು ಹಾಕಲು ಮಾರನೇ ದಿನವೇ ಕೊನೆಯ ದಿನ. ಎರಡೂ ಚೆನ್ನಾಗಿವೆ ಅಂದರೆ ಅವರು ತಮ್ಮನೆಯನ್ನೇ ಮೊದಲು ಹಾಕಿಸುತ್ತಾರೆ. ಮಗಳು ಅವರ ಮಾತು ಮೀರುವವಳಲ್ಲ. ಮೂರು ವರ್ಷ ಟೈಪ್ ಮಾಡಿಕೊಂಡು ಕೂರುತ್ತಾಳೆ. ನಿಜ ಹೇಳಿದರೆ ಎಪ್ಪತ್ತು ದಾಟಿದ ಆ ಮನುಷ್ಯನ ಮನೆಯನ್ನು ನಾನೇ ಕೆಡವಿದಂತೆ.

ಬೆಳಿಗ್ಗೆ ಮಗಳ ಜೊತೆ ಹೋಗಿ ನಿಂತೆ. ಕಂಡದ್ದನ್ನೆಲ್ಲ ಕಂಡ ಹಾಗೆ ಹೇಳಿದೆ. ಅವರು ಮೈಕ್ರೋಸ್ಕೋಪಿನಿಂದ ಮುಖ ಎತ್ತಿರಲಿಲ್ಲ. ಫ್ಯಾನು ಗುಂಯ್ ಅನ್ನುತ್ತಿತ್ತು.

"ಟೈಪ್ ಮಾಡ್ತಾರೆ ಅಂದ್ನಾ?"

"ಊಂ ಸಾ."

"ತಪ್ಪಾಗಲ್ಲ ಅಂದ್ನಾ?"

"ಅಂದ ಸಾ. ಬಾಗ್ಲು ನೋಡ್ಕಂಡು ಅಂದ."

ಆಗ ಮುಖ ಎತ್ತಿದರು. ಗುಂಡು ಗುರುತಿನೊಳಗೆ ಕಣ್ಣು ಸ್ವಲ್ಪ ಹೊತ್ತು ಎಲ್ಲೂ ನಿಲ್ಲಲಿಲ್ಲ. "ಮೂವತ್ ವರ್ಸ ನಿನ್ ಕೈ ನಂಬಿ ಜನಕ್ಕೆ ಬದುಕ್ತೀಯ, ಸಾಯ್ತೀಯ ಅಂತ ಹೇಳಿದೀನಿ. ಇವತ್ತು ನಂಬಲ್ಲ ಅಂದ್ರೆ ಅದೆಲ್ಲಾ ಸುಳ್ಳಾಯ್ತದೆ ಕಣಯ್ಯ" ಅಂದರು. ಮಗಳಿಗೆ, "ಹೊಸದನ್ನ ಮೊದ್ಲು ಹಾಕು ಮಗ. ನಮ್ಮನೇದು ಎರಡನೇದಾಗಿರ್ಲಿ" ಅಂದರು. ಅವಳು ಹಾಕಿದಳು. ಸಿಕ್ಕಿತು. ಈಗ ಅಲ್ಲಿ ಎರಡನೇ ವರ್ಷ. ಮೊದಲ ಶನಿವಾರ ತನ್ನ ತಪ್ಪು ತೋರಿಸಿದ ದಿನ ಫೋನು ಮಾಡಿ ಅತ್ತಳು. ಅವಳು ಸರಿಯಾದ ಜಾಗಕ್ಕೆ ಸೇರಿದ್ದಾಳೆ ಎಂದು ನನಗೆ ಆವತ್ತು ಖಾತ್ರಿಯಾಯಿತು.

ನನ್ನಂಥವನ ಕಣ್ಣನ್ನು ಒಬ್ಬ ಓದಿದ ಮನುಷ್ಯ ತನ್ನ ಕಣ್ಣಿಗಿಂತ ಮುಂದಿಟ್ಟ. ಮಗಳ ಓದು ನನ್ನ ದುಡಿಮೆಯಿಂದ ಆಯಿತು ಎಂದು ಎದೆ ಉಬ್ಬಿಸಿ ಹೇಳುತ್ತೇನೆ, ಆದರೆ ಅವಳ ದಾರಿ ಆ ಮನುಷ್ಯ ತನ್ನದನ್ನು ಹಿಂದೆ ಸರಿಸಿದ್ದರಿಂದ ಆಯಿತು.

ಈ ವರ್ಷ ಅವರಿಗೆ ಕಾಲು ಬಾತು ಉಸಿರು ಸಾಲದಾಯಿತು. ಲ್ಯಾಬು ಮುಚ್ಚಿತು. ದಿನಾ ಮಧ್ಯಾಹ್ನ ಅವರ ಮನೆಗೆ ಹೋಗಿ ಮಂಚದ ಪಕ್ಕ ಕೂರುತ್ತಿದ್ದೆ. ತೀರಿಹೋಗುವುದಕ್ಕೆ ನಾಲ್ಕು ದಿನ ಮೊದಲು ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ನಮ್ಮನೇಲಿ, ಆ ಹಳೇ ಹಾಲಲ್ಲಿ, ಒಂದ್ ಗೋಡೆ ಪೂರ್ತಿ ಕಿಟಕಿ ಇತ್ತು ಕಣಯ್ಯ. ಆಗ ಮೈಕ್ರೋಸ್ಕೋಪಿಗೆ ಬಲ್ಬಿರ್ಲಿಲ್ಲ. ಕನ್ನಡೀಲಿ ಆಕಾಶದ್ ಬೆಳಕು ಹಿಡ್ದು ನೋಡ್ತಿದ್ವಿ. ಆರ್ ಜನ, ಸಾಲಾಗಿ. ಮೋಡ ಬಂದ್ರೆ ಪಾಠ ನಿಂತ್ಬುಡೋದು. ನೀ ಹೋದಾಗ ಅದು ಇತ್ತಾ?"

ಆ ಗೋಡೆಯನ್ನು ನಾನು ನೋಡಿದ್ದೆ. ಹಲಗೆ ಹೊಡೆದು ಮುಚ್ಚಿ ಎಸಿ ಕೂರಿಸಿದ್ದರು. ಹಳೇ ಚೌಕಟ್ಟಿನ ಒಂದು ಅಂಚು ಬಿಟ್ಟರೆ ಕಿಟಕಿ ಇತ್ತೆಂಬ ಗುರುತೂ ಇರಲಿಲ್ಲ.

"ಇತ್ತು ಸಾ" ಅಂದೆ.

"ಬೆಳಕು?"

"ಮೇಜಿನ್ ತುಂಬಾ ಬಿದ್ದಿತ್ತು ಸಾ."

ಅವರ ಮುಖ ಸಡಿಲಾಯಿತು. ಅಂದು ಆ ಕಿಟಕಿಯ ಕೆಳಗೆ ಕೂತವರ ಹೆಸರುಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಹೇಳತೊಡಗಿದರು. ಒಂದು ಹೆಸರು, ಒಂದು ಉಸಿರು, ಮತ್ತೆ ಒಂದು ಹೆಸರು. ಐದನೆಯದಕ್ಕೆ ನಿದ್ದೆ ಹತ್ತಿತು. ಆರನೆಯದು ಅವರದೇ ಇರಬೇಕು.