ಟೈಲರ್ ಸಾಹೇಬರ ತಲೆಯಾಟ

ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡ ಗುಂಡುಸೂಜಿಗಳು, ಅವುಗಳ ಕೆಳಗೆ ಸೀಮೆಸುಣ್ಣದ ಪುಡಿ ಹತ್ತಿದ ಗಡ್ಡ. ಟೈಲರ್ ಸಾಹೇಬರನ್ನು ನೆನೆದಾಗೆಲ್ಲ ನನಗೆ ಮೊದಲು ಕಾಣುವುದು ಇದು. ಬಾಯಲ್ಲಿ ಸೂಜಿ ಇದ್ದರೆ ಮಾತಾಡುವ ಹಾಗಿಲ್ಲವಲ್ಲ, ಗಿರಾಕಿ ಏನು ಕೇಳಿದರೂ ತಲೆಯಾಟದಲ್ಲೇ ಉತ್ತರ. ಸೋಮವಾರಕ್ಕೆ ಬೇಕಿತ್ತು ಸಾಬ್ರೇ? ಹೂಂ ಎಂದು ತಲೆ ಆಡಿಸುವರು. ತೋಳಿಗೆ ಬಾರ್ಡರ್ ಇಡ್ತೀರಲ್ಲ? ಅದಕ್ಕೂ ಹೂಂ. ಇನ್ನೊಬ್ಬಳು ಬಂದು ಅದೇ ಸೋಮವಾರವನ್ನೇ ಕೇಳಿದರೂ ಹೂಂ.

ಕೊಪ್ಪದಲ್ಲಿ ಅವರ ಅಂಗಡಿಗೂ ನಮ್ಮ ಹಿಟ್ಟಿನ ಗಿರಣಿಗೂ ನಡುವೆ ಒಂದೇ ಗೋಡೆ. ಅಂಗಡಿಯ ಹಿಂದೆ ಅವರ ಒಂದು ಕೋಣೆ. ಹೆಂಡತಿ ತೀರಿಕೊಂಡು, ಒಬ್ಬಳೇ ಮಗಳನ್ನು ನರಸಿಂಹರಾಜಪುರಕ್ಕೆ ಮದುವೆ ಮಾಡಿಕೊಟ್ಟ ಮೇಲೆ ಆ ಕೋಣೆಯಲ್ಲಿ ಅವರೊಬ್ಬರೇ. ನಮ್ಮ ಗಿರಣಿಯ ಸದ್ದು ಕಿವಿ ಕೊರೆಯುತ್ತದೆ, ಹಿಟ್ಟು ಹಾರಿ ಮದುವೆ ರವಿಕೆಗಳ ಮೇಲೆ ಕೂರುತ್ತದೆ ಎಂದು ದಿನಾ ಅವರದೊಂದು ಗೊಣಗಾಟ ಇದ್ದೇ ಇತ್ತು.

ಅವರ ತಲೆಯಾಟ ನಂಬಿ ಮನೆಗೆ ಹೋದವರಿಗೆ ರವಿಕೆ ಸಿಕ್ಕಿದ್ದಿಲ್ಲ. ಮದುವೆ ಕಾಲದಲ್ಲಿ ಅಡ್ಡಗದ್ದೆ, ಜಯಪುರದ ಕಡೆಯಿಂದ ಬಸ್ಸು ಹತ್ತಿ ಬಂದ ಮದುಮಗಳ ತಾಯಂದಿರು ಅವರ ಅಂಗಡಿಯ ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಕೂತರೆ ಎದುರಿಗೇ ಹೊಲಿಯುವರು. ಊರಲ್ಲಿ ಅದಕ್ಕೆ ‘ಬೆಂಚು ಕಾಯೋದು’ ಅನ್ನುತ್ತಿದ್ದರು. ಒಬ್ಬ ತಾಯಿಯಂತೂ ರೇಗಿ, “ಕೋಲೆ ಬಸವನ ಹಾಗೆ ತಲೆ ಆಡ್ಸಿದ್ರಲ್ಲ ಸಾಬ್ರೇ! ನಾಳೆ ಧಾರೆ, ನನ್ನ ಮಗಳು ಎಂತ ತೊಟ್ಕೊಂಡು ಕೂರ್ಬೇಕು?” ಎಂದು ಕೂಗಾಡಿದಳು. ಇವರು ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, “ಆಗಲ್ಲ ಅಂದ್ರೆ ನಿಮ್ಮ ಮುಖ ಸಣ್ಣ ಆಗ್ತದಲ್ಲ ಅಮ್ಮ, ಅದನ್ನ ನೋಡೋಕೆ ಆಗೋದಿಲ್ಲ ನಂಗೆ” ಅಂದರು. ಆಮೇಲೆ ಅವಳನ್ನೇ ಕೂರಿಸಿಕೊಂಡು ಹುಕ್ಕು ಹಾಕಿಸಿದರು ಪುಣ್ಯಾತ್ಮ!

ನನ್ನ ಯಜಮಾನರು ಹೋದಾಗ ನಾನು ಗಿರಣಿಯ ಬಾಗಿಲು ಮುಚ್ಚಿ ಒಳಗೆ ಕೂತುಬಿಟ್ಟೆ. ಬಂದವರೆಲ್ಲ ಸಮಾಧಾನ ಹೇಳುವವರೇ. ಸಾಹೇಬರು ಮಾತ್ರ ಒಂದು ಬೆಳಿಗ್ಗೆ ಬಂದು ತಾವೇ ಶಟರ್ ಎತ್ತಿದರು. “ಮಿಲ್ಲಿನ ಸದ್ದಿಲ್ದೆ ನಂಗೆ ಹೊಲಿಗೆ ನೆಟ್ಟಗೆ ಬರ್ತಾ ಇಲ್ಲ ತಂಗಿ. ಸ್ವಿಚ್ ಹಾಕು” ಅಂದರು. ಅಷ್ಟು ವರ್ಷ ಅದೇ ಸದ್ದನ್ನು ಬೈದವರು! ನಾನು ಅಳುತ್ತಲೇ ಸ್ವಿಚ್ ಹಾಕಿದೆ. ಇವತ್ತು ಎರಡು ಹೊತ್ತು ಮರ್ಯಾದೆಯಿಂದ ಉಣ್ಣುತ್ತಿದ್ದೇನೆ ಅಂದರೆ ಆ ಸ್ವಿಚ್ಚಿನಿಂದ.

ಅಂಥವರಿಗೆ ಕಳೆದ ವರ್ಷ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ಪೂರ್ತಿ ನಿಂತಿತು. ಶಿವಮೊಗ್ಗದ ಆಸ್ಪತ್ರೆಯಿಂದ ಅಲ್ಲಿಯದೇ ಒಂದು ಆರೈಕೆ ಕೇಂದ್ರಕ್ಕೆ ಹಾಕಿದರು. ಕೆಲವು ವಾರ ಆದಮೇಲೆ ಅಲ್ಲಿಯ ಡಾಕ್ಟರು, “ನಮ್ಮಿಂದ ಆಗೋದು ಇಷ್ಟೇ. ಇನ್ನು ಮನೆಗೆ ಕರ್ಕೊಂಡು ಹೋಗಿ. ಗಂಟೆಗಟ್ಟಲೆ ಒಂದೇ ಮಗ್ಗುಲಲ್ಲಿ ಬಿಡಬೇಡಿ, ಕೈಕಾಲಿಗೆ ವ್ಯಾಯಾಮ ತಪ್ಪಿಸಬೇಡಿ. ಯಾರ ಮನೆ ಅನ್ನೋದನ್ನ ನೀವೇ ತೀರ್ಮಾನ ಮಾಡಿ” ಎಂದರು.

ಮಂಚದ ಸುತ್ತ ನಾವು ಮೂವರು. ಮಗಳು, ಜಯಪುರದಲ್ಲಿ ಅಂಗಡಿ ಇಟ್ಟಿರುವ ಸಾಹೇಬರ ಅಣ್ಣನ ಮಗ, ಮತ್ತೆ ಗಂಜಿ ತಂದಿದ್ದ ನಾನು. ಮಗಳು ಅಪ್ಪನ ಕಡೆ ಬಗ್ಗಿ, “ಅಬ್ಬಾ, ನಮ್ಮನೆಗೆ ಬರ್ತೀರಲ್ಲ?” ಎಂದಳು. ಸಾಹೇಬರು ತಲೆ ಆಡಿಸಿದರು. ಅಣ್ಣನ ಮಗ, “ಚಾಚಾ, ನಮ್ಮನೇಲಿ ಎತ್ತಿ ಇಳಿಸೋಕೆ ಗಂಡಸರಿದ್ದೀವಿ, ಬರ್ತೀರಾ?” ಅಂದ. ಅದಕ್ಕೂ ತಲೆ ಆಡಿಸಿದರು. ನರ್ಸು ಬಂದು, ಇಲ್ಲೇ ಇನ್ನಷ್ಟು ದಿನ ಇರ್ತೀರಾ ತಾತ ಎಂದು ತಮಾಷೆಗೆ ಕೇಳಿದಾಗಲೂ ಅಷ್ಟೇ. ನೋಡಿ, ಅವರೇ ಒಪ್ಪಿದ್ದಾರೆ ಎಂದು ಮಗಳು ಅಂದರೆ, ನನಗೂ ಒಪ್ಪಿದಾರಲ್ಲ ಅಂತ ಅವನು. ಅಯ್ಯೋ ದೇವರೇ, ಆ ತಲೆಯಾಟ ನಂಬಬಾರದು ಎಂದು ಕೊಪ್ಪದ ಮಕ್ಕಳಿಗೂ ಗೊತ್ತು, ಹೆತ್ತ ಮಗಳಿಗೆ ಮರೆತುಹೋಯಿತೇ!

ಅವರಿಗೆ ಬೇಕಾದದ್ದು ಅಂಗಡಿಯ ಹಿಂದಿನ ಆ ಕೋಣೆ ಎಂದು ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು. ಆದರೆ ಬಾಯಿ ಬಿಡಲು ನಾನು ಯಾರು? ಪಕ್ಕದ ಗಿರಣಿಯವಳು. ಗಂಜಿ ಕುಡಿಸಬಲ್ಲೆ, ಮಾತಾಡಿಸಬಲ್ಲೆ. ಎತ್ತಿ ಮಗ್ಗುಲು ಬದಲಿಸುವುದು, ಮೈ ತೊಳೆಸುವುದು ನನ್ನಿಂದ ಆಗುವುದಲ್ಲ. ನನ್ನ ಸೊಂಟವೇ ನೆಟ್ಟಗಿಲ್ಲ. ಆಳು ಹುಡುಕಿದೆ, ಒಬ್ಬರೂ ಸಿಗಲಿಲ್ಲ. ಬರೀ ಪ್ರೀತಿ ಕಟ್ಟಿಕೊಂಡು ರೋಗಿಯನ್ನು ನೋಡಿಕೊಳ್ಳಲು ಆಗುವುದಿಲ್ಲ. ಕೊನೆಗೆ ಮಗಳ ಹಟವೇ ಗೆದ್ದಿತು.

ಅವಳೇನು ಕಡಿಮೆ ಮಾಡಲಿಲ್ಲ ಪಾಪ. ಎರಡು ಕೋಣೆಯ ಬಾಡಿಗೆ ಮನೆ, ದಮ್ಮಿನ ಕಾಯಿಲೆಯ ಅತ್ತೆ, ಗೂಡ್ಸ್ ಆಟೋ ಓಡಿಸುವ ಗಂಡ ಮನೆಯಲ್ಲಿ ಇರುವುದೇ ಅಪರೂಪ. ಅಷ್ಟರ ನಡುವೆ ಅಪ್ಪನ ಕೈ ಹಿಡಿದು ವ್ಯಾಯಾಮ ಮಾಡಿಸುವಳು, ಗಡ್ಡ ಬಾಚುವಳು, ಹಾಸಿಗೆ ಬದಲಿಸುವಳು. ಆದರೂ ಬೆನ್ನಿನಲ್ಲಿ ಹುಣ್ಣಾಯಿತು. ಒಬ್ಬಳೇ ಎಷ್ಟು ಸಲ ಹೊರಳಿಸಿಯಾಳು? ಆಗೆಲ್ಲ ಜಯಪುರಕ್ಕೇ ಕಳಿಸಬೇಕಿತ್ತೇನೋ ಅಂತಲೂ ನನಗೆ ಅನ್ನಿಸುತ್ತಿತ್ತು.

ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಮಗಳು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದ ಸಮಯ ನೋಡಿ ಹತ್ತಿರ ಕೂತೆ. “ಸಾಬ್ರೇ, ಕೊಪ್ಪಕ್ಕೆ ಹೋಗೋಣವಾ?” ಎಂದೆ. ಕಣ್ಣು ಅರಳಿಸಿ ತಲೆ ಆಡಿಸಿದರು. ಹೌದಲ್ಲ, ನಾನು ಅಂದುಕೊಂಡದ್ದೇ ನಿಜ! ಆದರೆ ಅನುಮಾನ ಬಿಡಬೇಕಲ್ಲ. “ಅಲ್ಲ, ಇಲ್ಲೇ ಮಗಳ ಹತ್ರ ಇರ್ತೀರಾ?” ಎಂದೆ. ಅದೇ ಕಣ್ಣು, ಅದೇ ತಲೆಯಾಟ. “ನೀವೊಬ್ಬರು ಮಾರಾಯ್ರೇ, ಈಗಾದ್ರೂ ಒಂದು ಸಲ ಇಲ್ಲ ಅನ್ನಿ. ನಮ್ಮ ಮುಖ ಸಣ್ಣ ಆದ್ರೆ ಆಗ್ಲಿ!” ಎಂದು ಅವರ ಎಡಗೈ ಹಿಡಿದುಕೊಂಡು ಅತ್ತೆ. ಅವರು ನನ್ನ ಕೈಯನ್ನು ಮೆಲ್ಲಗೆ ಒತ್ತಿದರು.

ಹೊರಡುವಾಗ ಮಗಳು ಬಾಗಿಲವರೆಗೆ ಬಂದು ಪಿಸುದನಿಯಲ್ಲಿ, “ಅಕ್ಕ, ಅಷ್ಟು ವರ್ಷ ಪಕ್ಕದಲ್ಲೇ ಇದ್ದವರು ನೀವು. ಅಬ್ಬಂಗೆ ಇಲ್ಲಿ ಖುಷಿ ಇದೆ ಅಲ್ವಾ? ನಾನು ತಪ್ಪು ಮಾಡ್ಲಿಲ್ಲ ತಾನೆ?” ಎಂದಳು. ನಿದ್ದೆಗೆಟ್ಟು ಅವಳ ಕಣ್ಣುಗಳು ಗುಳಿಬಿದ್ದಿದ್ದವು. “ಖುಷಿ ಇದೆ ಕಣೇ” ಅಂದೆ.

ಮಳೆ ಹಿಡಿಯುವ ಮುಂಚೆಯೇ ಸಾಹೇಬರು ಹೋಗಿಬಿಟ್ಟರು. ಅವತ್ತು ಗಂಡಸರು ಅವರನ್ನು ಹೊತ್ತುಕೊಂಡು ಹೋದ ಮೇಲೆ ಮಗಳು ಹೆಂಗಸರ ನಡುವಿನಿಂದ ಎದ್ದುಬಂದು ನನ್ನ ಎರಡೂ ಕೈ ಹಿಡಿದಳು. “ಇಲ್ಲಿ ಖುಷಿ ಇದೆ ಅಂತ ಅವತ್ತು ಹೇಳಿದ್ರಲ್ಲ ಅಕ್ಕ, ಅದನ್ನೇ ಹಿಡ್ಕೊಂಡು ಇಷ್ಟು ದಿನ ಮಾಡ್ದೆ. ಇನ್ನೊಂದು ಸಲ ಹೇಳಿ” ಎಂದಳು.

“ಇತ್ತು ಮಾರಾಯ್ತಿ, ತುಂಬಾ ಖುಷಿ ಇತ್ತು” ಎಂದೆ, ಎಲ್ಲರಿಗೂ ಕೇಳುವ ಹಾಗೆ. ಇತ್ತೋ ಇಲ್ಲವೋ, ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.