ಕೂಸಿಗೆ ಎರೆಯಲು ಹಡಗು ಹತ್ತಿದ್ದು

ಮೆಡಿಟರೇನಿಯನ್ ಸಮುದ್ರದ ಮೇಲೆ ಎರಡನೆಯ ಬೆಳಿಗ್ಗೆ ನನಗೊಂದು ಸತ್ಯ ಹೊಳೆಯಿತು. ಎಂಟು ತಿಂಗಳ ನನ್ನ ಮಗನಿಗೆ ಸ್ನಾನ ಮಾಡಿಸಲು ನನಗೆ ಬರುವುದಿಲ್ಲ!

ನಗಬೇಡಿ. ಪುಣೆಯ ಹಿಂಜವಾಡಿಯಲ್ಲಿರುವ ಗಂಡನ ಆಫೀಸಿನವರು ಬಹುಮಾನವೆಂದು ನಮ್ಮನ್ನು ಕುಟುಂಬಸಮೇತ ಕ್ರೂಸ್‌ಗೆ ಕಳಿಸಿದ್ದರು. ನಾನು ಒಂದು ತಿಂಗಳು ಪ್ಯಾಕಿಂಗ್ ಮಾಡಿದ್ದೆ. ಡೈಪರ್, ರಾಗಿ ಹಿಟ್ಟು, ಗ್ರೈಪ್ ವಾಟರ್, ಬಜೆ ಬೇರು, ದೃಷ್ಟಿಬೊಟ್ಟಿಗೆ ಕಾಡಿಗೆ. (ಇಟಲಿಯವರ ಕಣ್ಣು ತಾಕುವುದಿಲ್ಲವೇ?) ಪ್ಯಾಕ್ ಮಾಡಲಾಗದೆ ಉಳಿದದ್ದು ಶಾಂತಾಬಾಯಿ ಒಬ್ಬಳೇ.

ಶಾಂತಾಬಾಯಿ ನಮ್ಮ ಮಾಲೀಶ್ ಬಾಯಿ. ನಾವಿರುವ ಸದಾಶಿವ ಪೇಠೆಯ ಅರ್ಧ ಕೂಸುಗಳು ಅವಳ ಕಾಲ ಮೇಲೇ ಬೆಳೆದಿವೆ. ನನ್ನ ಬಾಣಂತನದಿಂದಲೂ ದಿನಾ ಬೆಳಿಗ್ಗೆ ಬಂದು ಮಗನಿಗೆ ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದಳು. ಅಷ್ಟರಲ್ಲಿ ನನ್ನ ಚಹಾ, ಪೇಪರ್ ಎರಡೂ ಮುಗಿದಿರುತ್ತಿದ್ದವು. ಒಮ್ಮೆ ನಾನೇ ಎರೆಯುತ್ತೇನೆ ಅಂದಾಗ ಅತ್ತೆ, “ಬ್ಯಾಡವಾ, ಎಣ್ಣಿ ಹಚ್ಚಿದ ಕೂಸು, ನಿನ್ನ ಕೈಯಾಗ ಜಾರತದ” ಅಂದರು. ಬದುಕಿದೆ ಅಂದುಕೊಂಡು ಮತ್ತೆ ಕೇಳಲಿಲ್ಲ.

ತಾಯ್ತನದ ಬಗ್ಗೆ ಇದೇ ಅಂಕಣದಲ್ಲಿ ನಾಲ್ಕು ವಾರ ಉಪದೇಶ ಕೊಟ್ಟವಳೂ ನಾನೇ (ಮರೆತಿದ್ದರೆ ನೆನಪಿಸಿಕೊಳ್ಳಬೇಡಿ).

ಹಡಗಿನ ಬಾತ್‌ರೂಮಿನಲ್ಲಿ ಟಬ್ ಇಲ್ಲ, ಬಕೆಟ್ ಇಲ್ಲ, ಬರೀ ಶವರ್. ಮಗನನ್ನು ಅದರ ಕೆಳಗೆ ಹಿಡಿದೆ. ಅವನು ಚೀರಿದ ಚೀರಾಟಕ್ಕೆ ಪಕ್ಕದ ಕ್ಯಾಬಿನ್ನಿನ ಅಜ್ಜಿ ಬಂದು ಬಾಗಿಲು ಬಡಿದರು. ಒದ್ದಾಟದಲ್ಲಿ ಮಗ ನನ್ನ ಕೈಯಿಂದ ಜಾರಿಯೇಬಿಟ್ಟ. ಪುಣ್ಯಕ್ಕೆ ಗಂಡ ಹಿಡಿದರು. ನನಗೆ ಮತ್ತೆ ಅವನನ್ನು ನೀರಿನ ಹತ್ತಿರ ಒಯ್ಯುವ ಧೈರ್ಯವೇ ಬರಲಿಲ್ಲ.

“ಹಸಿ ಅರಬಿಲೆ ಒರಸಿಬಿಡು. ಇಟಲಿಯೊಳಗ ಯಾರು ಕೇಳತಾರ?” ಅಂದರು ಗಂಡ.

ಎರಡು ದಿನ ಒರೆಸಿದೆವು. ಹಾಲು, ಬಾಳೆಹಣ್ಣು, ಬೆವರು ಎಲ್ಲ ಸೇರಿ ಮಗನ ಕತ್ತಿನ ಮಡಿಕೆಯಲ್ಲಿ ಕೆಂಪು ಗುಳ್ಳೆ ಎದ್ದವು. ನನಗೆ ಅಳು ಬಂತು. ಎಂಥ ತಾಯಿ ನಾನು?

ನೇಪಲ್ಸ್ ಬಂದರಿನಲ್ಲಿ ಎಲ್ಲರೂ ಪಿಜ್ಜಾ ಹುಡುಕಿಕೊಂಡು ಹೋದರು. ನಾನು ಫೋನ್ ಬೂತ್ ಹುಡುಕಿದೆ.

“ಅಯ್ಯ ನಿನ್ನ! ಮೂರ ದಿನಾ ಆತು, ಕೂಸಿಗೆ ಎರದಿಲ್ಲಾ?” ಪುಣೆಯಿಂದ ಅತ್ತೆಯ ದನಿ ಬೂತಿನ ಹೊರಗೂ ಕೇಳಿಸಿತು. “ತಡಿ, ಬಾಯಿ ಇಲ್ಲೇ ಇದ್ದಾಳ.” ಕೂಸು ಊರಲ್ಲಿಲ್ಲದ ಆ ದಿನಗಳಲ್ಲಿ ಶಾಂತಾಬಾಯಿ ಅತ್ತೆಯ ಮೊಣಕಾಲು ತಿಕ್ಕಲು ಬರುತ್ತಿದ್ದಳು.

“ವಹಿನಿ, ಘಾಬರೂ ನಕಾ,” ಅತ್ತಿಗೆ, ಹೆದರಬೇಡಿ ಅಂತ ಶುರುಮಾಡಿ, ಮರಾಠಿಯಲ್ಲೇ ಪಾಠ ಹೇಳಿದಳು. ನೆಲದ ಮೇಲೆ ಕೂತು ಕಾಲು ಚಾಚಬೇಕು. ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಬೇಕು. ಮೊದಲು ಬೆನ್ನಿಗೆ ನೀರು, ಕಡೆಗೆ ತಲೆಗೆ. ಸುಮ್ಮನಿರಬಾರದು, ಮಾತಾಡುತ್ತಲೇ ಇರಬೇಕು.

ಹಡಗಿಗೆ ಮರಳಿ, ಬಾತ್‌ರೂಮಿನಲ್ಲಿ ಕೂತು ಕಾಲು ಚಾಚಿದರೆ ಪಾದಗಳು ಬಾಗಿಲಿನಾಚೆ! ಗಂಡ ಐಸ್ ಬಕೆಟ್‌ನಲ್ಲಿ ಬಿಸಿನೀರು ಹಿಡಿದು, ಕಾಫಿ ಕಪ್ಪಿನಿಂದ ಎರೆದರು. ಮಗ ತುಟಿ ಊದಿಸಿದ. “ಅಳಬ್ಯಾಡ ನನ್ನಪ್ಪಾ, ಮುಗೀತು, ಮುಗೀತು” ಅನ್ನುತ್ತಲೇ ಇದ್ದೆ. ಅವನು ಅಳಲಿಲ್ಲ. ಅತ್ತದ್ದು ನಾನು, ಖುಷಿಗೆ. (ಕಾರ್ಪೆಟ್ ತೊಯ್ದದ್ದಕ್ಕೆ ಹಡಗಿನವರ ಕ್ಷಮೆ ಕೇಳುತ್ತೇನೆ.)

ಕೊನೆಗೆ ತಲೆಗೆ ನೀರು ಬಿದ್ದು ಕೂದಲು ಸರಿದಾಗ ನೋಡಿದೆ. ಕತ್ತಿನ ಹಿಂದೆ, ಕೂದಲ ಬುಡದಲ್ಲಿ, ಎಳ್ಳಿನಷ್ಟು ಒಂದು ಮಚ್ಚೆ.

ಪುಣೆಗೆ ಬಂದವಳೇ ಶಾಂತಾಬಾಯಿಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಎಣ್ಣೆ ಬಟ್ಟಲಿನಿಂದ ತಲೆಯನ್ನೂ ಎತ್ತಲಿಲ್ಲ. ಅದು ಹುಟ್ಟಿದಾಗಿನಿಂದಲೂ ಇದೆಯಲ್ಲ ವಹಿನಿ, ಅಂದಳು.

ಅಷ್ಟನ್ನು ನೋಡಲು ಹೆತ್ತವಳು ಮೆಡಿಟರೇನಿಯನ್‌ವರೆಗೆ ಹೋಗಬೇಕಿತ್ತೇ?