ನಿಲ್ಲದ ಲಿಲಾವು

ಕಂಪ್ಯೂಟರ್ ಕಲಿಸುವವರಲ್ಲಿ ಒಂದು ಬಗೆಯವರಿದ್ದಾರೆ. "ನಾವೆಲ್ಲ ಬ್ರಾಕೆಟ್ಟು, ಸೆಮಿಕೋಲನ್ನುಗಳ ಜೊತೆ ಗುದ್ದಾಡಿಯೇ ಕಲಿತದ್ದು, ಇವರೂ ಗುದ್ದಾಡಲಿ" ಎನ್ನುವವರು. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಬ್ಬುವಾಡದ ನನ್ನ ಸಂಜೆಯ ತರಗತಿಗೆ ಬರುವವರು ದಿನವಿಡೀ ದುಡಿದು ದಣಿದ ಹೆಂಗಸರು. ಒಂದು ಚಿಹ್ನೆ ಬಿಟ್ಟುಹೋಯಿತೆಂದು ಪರದೆ ತುಂಬ ಕೆಂಪು ಅಕ್ಷರದ ಬೈಗುಳ ಬಂದರೆ ಮಾರನೆಯ ದಿನ ಅವರು ಈ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ಕನ್ನಡದ ಆಜ್ಞೆಗಳ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸುವ ಸರಳ ಭಾಷೆಯಿಂದಲೇ ನಾನು ಶುರುಮಾಡುತ್ತೇನೆ.

ಅವರಲ್ಲೊಬ್ಬಳು ಬಂದರಿನ ಬಳಿಯ ಬೈತಖೋಲದಿಂದ ಬರುತ್ತಿದ್ದಳು, ಮೀನುಗಾರರ ಮನೆಯವಳು. ಬೆನ್ನು ಕೈಕೊಟ್ಟು, ಇನ್ನು ಮೀನಿನ ಬುಟ್ಟಿ ಹೊರಬಾರದೆಂದು ಡಾಕ್ಟರು ಹೇಳಿದ್ದರು. ಮೀನುಗಾರರ ಸಂಘವೊಂದರಲ್ಲಿ ಕಂಪ್ಯೂಟರ್ ಕೆಲಸ ಖಾಲಿಯಿತ್ತು. ಅಂಕೋಲೆಯಲ್ಲಿ ಪರೀಕ್ಷೆ, ಪ್ರೋಗ್ರಾಂ ಬರೆದು ತೋರಿಸಬೇಕು, ಅದೂ ಬ್ರಾಕೆಟ್ಟುಗಳ ಭಾಷೆಯಲ್ಲಿ. ಅದು ತಪ್ಪಿದರೆ ಮತ್ತೆ ಬುಟ್ಟಿಯೇ ಗತಿ.

ಹಿಂದೆ ಬೇರೆಲ್ಲೋ ಕಲಿಯಲು ಸೇರಿ, ಹೆದರಿ ಬಿಟ್ಟುಬಂದಿದ್ದವಳು ನನ್ನ ತುಂಡುಗಳ ಜೊತೆ ಮಾತ್ರ ಸಲೀಸಾಗಿ ಬೆರೆತಳು. ಕೆಲವೇ ದಿನಗಳಲ್ಲಿ ಬಂದರಿನ ಮೀನಿನ ಲಿಲಾವನ್ನೇ, ಅಂದರೆ ಹರಾಜನ್ನೇ, ಪರದೆಗೆ ತಂದಳು. ಬಂಗಡೆಯ ರಾಶಿ, ಅದರ ಮೇಲೆ ಏರುವ ಕೂಗು, ಕೊನೆಗೆ ನಿಂತ ಬೆಲೆ. ನಾನು ಬಂದವರಿಗೆಲ್ಲ ಅದನ್ನು ತೋರಿಸಿ ಬೀಗುತ್ತಿದ್ದೆ.

ಪರೀಕ್ಷೆ ಹತ್ತಿರವಾದಾಗ ಅದೇ ಲಿಲಾವನ್ನು ಬ್ರಾಕೆಟ್ಟುಗಳ ಭಾಷೆಯಲ್ಲಿ ಬರೆಸಿದೆ. ಚಿಹ್ನೆ ಒಂದೂ ತಪ್ಪಲಿಲ್ಲ. ಓಡಿಸಿದಳು. ಬೆಲೆ ಏರಿತು, ಏರಿತು, ನಿಲ್ಲಲೇ ಇಲ್ಲ. ಅವಳು ಗಾಬರಿಯಾಗಿ ಎದ್ದು ನಿಂತಳು.

"ನಿಲ್ಲಿಸು ಅಂತ ಎಲ್ಲಿ ಬರೆದಿದ್ದೀಯೇ?" ಎಂದೆ.

"ಲಿಲಾವಲ್ಲಿ ನಿಲ್ಸು ಅಂತ ಯಾರ್ ಹೇಳ್ತ್ರು ಅಕ್ಕೋರೇ? ಯಾರೂ ಬಾಯಿ ಬಿಡ್ದೆ ಇದ್ರೆ ಮುಗೀತು. ರಾಶಿ ಎತ್ಕಂಡು ಹೋಗೂದೇ."

ಹೌದಲ್ಲ! ಬಂದರಿನಲ್ಲಿ ಸುಮ್ಮನಾಗುವುದೇ ಮುಕ್ತಾಯ. ಯಂತ್ರಕ್ಕೆ ಅದು ತಿಳಿಯದು, ಬಾಯಿಬಿಟ್ಟು ಹೇಳಬೇಕು. ಹಾಗಾದರೆ ಇಷ್ಟು ದಿನ ನಿಂತದ್ದು ಹೇಗೆ? ಹುಡುಕಿದಾಗ ಗೊತ್ತಾಯಿತು. ನಿಲ್ಲಿಸುವ ಮಾತಿಲ್ಲದಿದ್ದರೆ ನನ್ನ ಮುದ್ದಿನ ಸರಳ ಭಾಷೆ ಒಂದಷ್ಟು ಸುತ್ತು ಓಡಿಸಿ, ಚಕಾರವೆತ್ತದೆ ತಾನೇ ನಿಲ್ಲಿಸಿಬಿಡುತ್ತಿತ್ತು.

ಇದನ್ನು ಕೇಳಿ ಅವಳ ಮುಖ ಕೆಂಪಾಯಿತು. "ಸುಲಭ ಮಾಡೂದು ಬೇಕ್ರಾ ಅಕ್ಕೋರೇ, ಇಲ್ಲಾಂದ್ರೆ ನಾನು ಈ ಬಾಗ್ಲಿಗೇ ಬರ್ತಿರ್ಲಿಲ್ಲ. ಆದ್ರೆ ನನ್ನ ತಪ್ಪು ನಂಗೇ ಕಾಣ್ದಂಗೆ ಮುಚ್ಚೂದು ಎಂತಕ್ಕೆ?"

ಸರಳ ಬೇಕೋ ಬೇಡವೋ ಎಂದು ಗಂಟಲು ಹರಿದುಕೊಂಡು ವಾದಿಸುತ್ತಾ ಬಂದ ನಮಗೆ ಯಾರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಅವಳು ಅಷ್ಟಕ್ಕೇ ಬಿಡಲಿಲ್ಲ. ಸರಳ ಭಾಷೆಯ ಆ ಸೌಕರ್ಯವನ್ನು ನನ್ನಿಂದ ತೆಗೆಸಿ, ತನ್ನ ಹಳೆಯ ಪ್ರೋಗ್ರಾಂಗಳನ್ನೆಲ್ಲ ಮತ್ತೆ ಓಡಿಸಿದಳು. ಒಂದೊಂದೂ ನಿಲ್ಲದೆ ಓಡತೊಡಗಿದಾಗ ಅಳು ಬರಬೇಕಿತ್ತು. ಇವಳು ಸೆರಗು ಸಿಕ್ಕಿಸಿಕೊಂಡು ಒಂದೊಂದನ್ನೇ ಸರಿಮಾಡಿದಳು. ಅವಳನ್ನು ನೋಡುತ್ತ ನನಗೆ ಹೆಮ್ಮೆಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಪರೀಕ್ಷೆಯ ದಿನ ಅಂಕೋಲೆಗೆ ನಾನೂ ಹೋಗಿದ್ದೆ. ಹೊರಗೆ ಬಂದವಳು ಬೆನ್ನ ಮೇಲೆ ಕೈಯಿಟ್ಟುಕೊಂಡೇ ನಕ್ಕಳು. "ನಿಲ್ಸೂದನ್ನೇ ಮೊದ್ಲು ಬರ್ದೆ ಅಕ್ಕೋರೇ, ಏರ್ಸೂದು ಆಮೇಲೆ." ಕೆಲಸ ಸಿಕ್ಕಿತು. ಅವಳ ಬುಟ್ಟಿಯಲ್ಲಿ ಈಗ ಅವಳ ಅಮ್ಮ ಈರುಳ್ಳಿ ಹಾಕಿಡುತ್ತಾರಂತೆ.

ರಜೆಯ ದಿನ ಅವಳು ನನ್ನ ತರಗತಿಗೆ ಬರುತ್ತಾಳೆ. ಹೊಸಬರಿಗೆ ಕೊಡುವುದು ಅದೇ ಸರಳ ತುಂಡುಗಳನ್ನು, ಅದೇ ನಿಲ್ಲದ ಲಿಲಾವನ್ನು. ಬಂಗಡೆಯ ಬೆಲೆ ಬಂಗಾರದ್ದನ್ನೂ ದಾಟುತ್ತದೆ. ಹೆಂಗಸರು ಮೊದಲು ನಗುತ್ತಾರೆ, ಆಮೇಲೆ ಕಂಗಾಲಾಗಿ ನನ್ನ ಮುಖ ನೋಡುತ್ತಾರೆ. ಕಳೆದ ಸಲ ಒಬ್ಬ ಹೊಸಬಳು ಹಾಗೆ ನೋಡಿದಾಗ ತಡೆಯಲಾರದೆ ನಾನು ಅವಳ ಕೀಲಿಮಣೆಗೆ ಕೈ ಹಾಕಲು ಹೋದೆ.

ಬೈತಖೋಲದವಳು ನನ್ನ ಕೈ ಹಿಡಿದುಕೊಂಡಳು. "ತಡೀರಿ ಅಕ್ಕೋರೇ. ಅವ್ಳೇ ನಿಲ್ಸ್ತಾಳೆ."